ಬಳ್ಳಿ ಹೊರಳುವ ಮೂಲೆ

ಹಳೇಬೀಡಿನ ದೇವಸ್ಥಾನದಲ್ಲಿ ನನಗೆ ಬೇಕಾಗಿದ್ದದ್ದು ಗೋಡೆಯ ಒಂದು ಮೂಲೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಅದರ ಮೇಲೆ ಗೇಣಗಲದ ಬಳ್ಳಿಯ ಪಟ್ಟಿಯೊಂದು ಗೋಡೆಯ ಸುತ್ತ ಹರಿದುಕೊಂಡು ಹೋಗುತ್ತದೆ. ಎಲ್ಲರೂ ಅದನ್ನು ನೋಡಿರುತ್ತಾರೆ, ಯಾರೂ ಅದರ ಮುಂದೆ ನಿಂತಿರುವುದಿಲ್ಲ. ಆ ಬಳ್ಳಿ ಗೋಡೆಯ ಮೂಲೆಗೆ ಬಂದಾಗ ಏನು ಮಾಡುತ್ತದೆ ಎಂದು ನಾನು ನೋಡಬೇಕಿತ್ತು. ನೋಡಿ, ಗ್ರಾಫ್ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಒಂದು ಗಂಟೆಯ ಕೆಲಸ.

ಮಗಳ ಮದುವೆಗೆ ಐದು ವಾರ ಉಳಿದಿತ್ತು. ಸೀರೆ, ಒಡವೆ, ಛತ್ರ, ಅಡುಗೆಯವರು, ಎಲ್ಲವನ್ನೂ ಮನೆಯ ಹಿರಿಯರೂ ನಮ್ಮ ಯಜಮಾನರೂ ಸೇರಿ ತೀರ್ಮಾನಿಸಿದ್ದರು. ನಾನು ಕೇಳಿ ಪಡೆದುಕೊಂಡ ಕೆಲಸ ಒಂದೇ. ಹಸೆಮಣೆಯ ಮೇಲೆ ಹಾಸುವ ಬಿಳಿ ಬಟ್ಟೆಗೆ ನಾನೇ ಕಸೂತಿ ಹಾಕುತ್ತೇನೆ, ಅಂಚಿನ ಸುತ್ತ ಹಳೇಬೀಡಿನ ಬಳ್ಳಿ ಬರುತ್ತದೆ ಎಂದಿದ್ದೆ. ಮೊಬೈಲಿನಲ್ಲಿ ಸಿಕ್ಕ ಚಿತ್ರವೊಂದನ್ನು ನೋಡಿಕೊಂಡು ಶುರು ಮಾಡಿಯೂ ಆಗಿತ್ತು. ನಾಲ್ಕು ಬದಿಯಲ್ಲೂ ಮಧ್ಯದಿಂದ ಹಿಡಿದು ಆ ಕಡೆಗೂ ಈ ಕಡೆಗೂ ಬಳ್ಳಿ ಹಬ್ಬಿಸಿದೆ. ಸುರುಳಿ, ಎಲೆ, ಮತ್ತೆ ಸುರುಳಿ. ಮೂಲೆಗಳು ನಾಲ್ಕು ಬೆರಳು ದೂರ ಇರುವಾಗ ಸೂಜಿ ನಿಂತುಹೋಯಿತು. ನೇರ ಹೋಗುವ ಬಳ್ಳಿಯನ್ನು ಹೇಗೆ ತಿರುಗಿಸುವುದು? ಬಗ್ಗಿಸಿದರೆ ಸುರುಳಿ ಕೆಡುತ್ತದೆ. ಕತ್ತರಿಸಿದರೆ ಕತ್ತರಿಸಿದ ಹಾಗೇ ಕಾಣುತ್ತದೆ. ಕಾಗದದ ಮೇಲೆ ಎಷ್ಟೋ ಸಲ ಬರೆದು ಅಳಿಸಿದೆ. ಚಿತ್ರಗಳನ್ನು ಹುಡುಕಿದರೆ ಒಂದರಲ್ಲೂ ಮೂಲೆ ಇಲ್ಲ. ಜನ ಆನೆಯ ಚಿತ್ರ ತೆಗೆಯುತ್ತಾರೆ, ಕುಣಿಯುವ ಹೆಣ್ಣಿನ ಚಿತ್ರ ತೆಗೆಯುತ್ತಾರೆ, ಮೂಲೆಗೆ ತಾವೇ ಒರಗಿ ನಿಂತು ತಮ್ಮ ಚಿತ್ರ ತೆಗೆಸಿಕೊಳ್ಳುತ್ತಾರೆ. ನನಗೆ ಬೇಕಾದ ಜಾಗದ ಮೇಲೆ ಯಾವಾಗಲೂ ಯಾರದೋ ಭುಜ.

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ನಾವು ಬಟ್ಟೆ ಕೊಟ್ಟ ಕೂಡಲೇ ಹಿಂದುಮುಂದು ಮಾಡಿ ಹಿಂಭಾಗವನ್ನು ನೋಡುತ್ತಿದ್ದರು. ಆಮೇಲೆ ನಾಲ್ಕು ಮೂಲೆಗಳನ್ನು ಬೆರಳಿನಿಂದ ಸವರುತ್ತಿದ್ದರು. ಮುಂಭಾಗಕ್ಕೆ ಕಣ್ಣನ್ನೂ ಹಾಯಿಸುತ್ತಿರಲಿಲ್ಲ. “ಮುಂದುಗಡೆ ಎಲ್ಲರೂ ಚೆನ್ನಾಗಿ ಮಾಡ್ತಾರೆ” ಎನ್ನುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ನೆಂಟರ ಮನೆಗೆ ಹೋದರೆ ಮೇಜಿನ ಹಾಸಿನ ಮೂಲೆಯನ್ನು ಯಾರಿಗೂ ಕಾಣದಂತೆ ಮಡಿಸಿ ನೋಡುತ್ತೇನೆ.

ನಮ್ಮದು ಅರಸೀಕೆರೆ. ನಮ್ಮ ಯಜಮಾನರದು ಕೊಬ್ಬರಿ ಮಂಡಿ. ಇಲ್ಲಿಂದ ಹಳೇಬೀಡು ಕಾರಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಇಷ್ಟು ಹತ್ತಿರವಿದ್ದೂ ನಾನು ಅದನ್ನು ನೋಡಿದ್ದು ಬೇರೆಯವರಿಗೆ ತೋರಿಸಲು ಹೋದಾಗ ಮಾತ್ರ. ಮಂಗಳೂರಿನಿಂದ, ಹುಬ್ಬಳ್ಳಿಯಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗುವುದು, ಅವರು ಒಳಗೆ ಹೋದಾಗ ಮರದ ಕೆಳಗೆ ಕೂತು ಬುತ್ತಿಯನ್ನೂ ಮಲಗಿದ ಕೂಸನ್ನೂ ಕಾಯುವುದು. ಹಾಗಾಗಿ ಒಂದು ರಾತ್ರಿ ಊಟ ಬಡಿಸುತ್ತ, “ರೀ, ಭಾನುವಾರ ಹಳೇಬೀಡಿಗೆ ಹೋಗೋಣ್ವಾ? ನಂಗೊಂದು ಡಿಸೈನ್ ನೋಡ್ಬೇಕು” ಎಂದೆ.

“ಒಳ್ಳೇದಾಯ್ತು ಕಣೇ, ನಾನೇ ಹೇಳಾಣ ಅಂತಿದ್ದೆ. ಹಂಗೇ ಬೇಲೂರು ಹಳೇಬೀಡು ಕಡೆ ಕಾರ್ಡೂ ಕೊಟ್ಟು ಬಂದ್ಬಿಡಾಣ” ಎಂದರು.

ಈ ‘ಹಂಗೇ’ ಎಂಬ ಪದದ ಬಗ್ಗೆ ನಾನು ಎಚ್ಚರವಾಗಿರಬೇಕಿತ್ತು. ನಮ್ಮ ಮನೆಯಲ್ಲಿ ಹಾಲು ತರಲು ಹೋದವರು ‘ಹಂಗೇ’ ತಿಪಟೂರಿಗೆ ಹೋಗಿ ಬಂದ ಉದಾಹರಣೆಗಳಿವೆ.

ನಮ್ಮ ಯಜಮಾನರು ಇಪ್ಪತ್ತರ ವಯಸ್ಸಿನಲ್ಲಿ ವೇಗದ ಬೌಲರು. ಟೆನ್ನಿಸ್ ಬಾಲಿನ ಕ್ರಿಕೆಟ್ಟು. ಈ ಸುತ್ತಿನ ತಾಲ್ಲೂಕುಗಳಲ್ಲಿ ಅವರು ಆಡದ ಮೈದಾನವಿಲ್ಲ. ಅವರ ಜೊತೆಗೂ ಎದುರಿಗೂ ಆಡಿದವರೆಲ್ಲ ಈಗ ತೆಂಗಿನ ತೋಟದವರು, ಅಂಗಡಿಯವರು, ಮೇಷ್ಟ್ರುಗಳು. ಆದರೆ ಭಾನುವಾರ ಬಂದರೆ ಅವರನ್ನು ಮನೆಯಲ್ಲಿ ಹುಡುಕುವ ಹಾಗಿಲ್ಲ. ಯಾವ ಊರಿನ ಮೈದಾನದಲ್ಲಿ ಟೂರ್ನಮೆಂಟೋ ಅಲ್ಲಿ ಶಾಮಿಯಾನದ ಕೆಳಗೆ ಕೂತಿರುತ್ತಾರೆ. ಅವರನ್ನು ಮದುವೆಗೆ ಕರೆಯಬೇಕಾದರೆ ಮೊದಲು ಮೈದಾನಕ್ಕೆ ಹೋಗಿ ಎಬ್ಬಿಸಿಕೊಂಡು, ಆಮೇಲೆ ಮನೆಗೆ ಹೋಗಬೇಕು.

ಮನೆಗೆ ಹೋಗಲೇಬೇಕು. ಅದೂ ಜೋಡಿಯಾಗಿ. ನಮ್ಮಲ್ಲಿ ಗಂಡ ಕಾರ್ಡು ಕೊಡಬೇಕು, ಹೆಂಡತಿ ಆ ಮನೆಯ ಹೆಂಗಸಿಗೆ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, “ಮುಂಚಿತವಾಗಿ ಬಂದು ನಡೆಸಿಕೊಡಬೇಕು” ಎನ್ನಬೇಕು. ಗಂಡಸು ಒಬ್ಬನೇ ಹೋಗಿ ಕಾರ್ಡು ಕೊಟ್ಟರೆ ಅದು ಕರೆದದ್ದಲ್ಲ, ತಿಳಿಸಿದ್ದು. ತಿಳಿಸಿದವರ ಮದುವೆಗೆ ಯಾರೂ ಬರುವುದಿಲ್ಲ. ಬರುವುದಿಲ್ಲ ಎನ್ನುವುದಕ್ಕಿಂತ, ಇಪ್ಪತ್ತು ವರ್ಷ ಅದನ್ನು ಹೇಳಿಕೊಂಡು ತಿರುಗುತ್ತಾರೆ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಹೊರಟೆವು. ನನ್ನ ಚೀಲದಲ್ಲಿ ಗ್ರಾಫ್ ಪುಸ್ತಕ, ಚೂಪು ಮಾಡಿದ ಎರಡು ಪೆನ್ಸಿಲ್, ರಬ್ಬರು, ಅಡಿಕೋಲು, ದಿಂಬಿನ ಕವರಿನೊಳಗೆ ಮಡಿಸಿಟ್ಟ ಹಸೆಯ ಬಟ್ಟೆ. ಅವರ ಚೀಲದಲ್ಲಿ ಕಾರ್ಡುಗಳು, ಕುಂಕುಮದ ಭರಣಿ, ಸ್ಟೀಲ್ ಡಬ್ಬಿಯಲ್ಲಿ ಅಕ್ಷತೆ. ಅರಸೀಕೆರೆ ದಾಟುವ ಮೊದಲೇ ಕಾರು ಮೈದಾನದ ಗೇಟಿನ ಮುಂದೆ ನಿಂತಿತು.

“ಹಂಗೇ ಒಂದ್ ನಿಮಿಷ ಕಣೇ. ಇವತ್ತು ಪಿಚ್ ಹೊಸದಾಗಿ ಹಾಕ್ತಾವ್ರೆ, ನೋಡ್ಕಂಡು ಬತ್ತೀನಿ.”

ಬಿಸಿಲು ಏರುತ್ತಿದ್ದ ಕಾರಿನಲ್ಲಿ ನಾನು ನಲವತ್ತು ನಿಮಿಷ ಕೂತೆ. ನಾಲ್ಕು ಗಂಡಸರು ಸೊಂಟದ ಮೇಲೆ ಕೈಯಿಟ್ಟು ಒಂದು ತುಂಡು ಮಣ್ಣನ್ನು ನೋಡುತ್ತಿದ್ದರು. ಒಬ್ಬರು ಬಗ್ಗಿ ಅದನ್ನು ತಟ್ಟಿದರು. ಉಳಿದವರೂ ಒಬ್ಬೊಬ್ಬರಾಗಿ ಬಗ್ಗಿ ತಟ್ಟಿದರು. ಕೂಸಿನ ಹೊಟ್ಟೆ ನೋಡುವ ಹಾಗೆ.

ಬಾಣಾವರ ದಾಟಿ ಜಾವಗಲ್ ಬೋರ್ಡು ಕಂಡ ಕೂಡಲೇ ಅವರು ಸ್ಟೀರಿಂಗಿನಿಂದ ಒಂದು ಕೈ ತೆಗೆದು ಹಣೆಗೆ ಮುಟ್ಟಿಸಿಕೊಂಡರು. ಅಲ್ಲಿನ ದೇವರಿಗೂ ದರ್ಗಾಕ್ಕೂ ಸಲ್ಲಬೇಕಾದದ್ದು ಆಮೇಲೆ, ಮೊದಲು ಊರಿನ ಹೆಸರಿಗೆ. ಭಾರತಕ್ಕೆ ಆಡಿದ ವೇಗದ ಬೌಲರೊಬ್ಬರ ಹೆಸರಿನ ಮುಂದೆ ಆ ಊರಿದೆ, ಕ್ರಿಕೆಟ್ ನೋಡುವವರಿಗೆ ಹೇಳಬೇಕಾಗಿಲ್ಲ. ನನಗೆ ನಗು ಬಂತು. ಆ ದಿನ ನಾನು ನಕ್ಕದ್ದು ಅದೇ ಕೊನೆ ಎಂದು ಆಗ ಗೊತ್ತಿರಲಿಲ್ಲ.

ಹಳೇಬೀಡು ಬಂತು. ದೇವಸ್ಥಾನದ ಎದುರಿಗೆ ಶಾಲೆಯ ಮಕ್ಕಳು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಸಾಲಾಗಿ ಒಳಗೆ ಹೋಗುತ್ತಿದ್ದರು. ಇಳಿಯಲು ನಾನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಾರು ನಿಧಾನವಾಗಲಿಲ್ಲ.

“ರೀ, ಹಳೇಬೀಡು!”

“ಗೊತ್ತು ಕಣೇ. ಬತ್ತಾ ನೋಡಾಣ. ಬೇಲೂರಲ್ಲಿ ಮ್ಯಾಚ್ ಸುರುವಾಗ್ಬಿಟ್ರೆ ಕೀಪರ್ರು ಕೈಗೆ ಸಿಗಲ್ಲ. ದೇವಸ್ಥಾನ ಎಲ್ಲಿಗ್ ಓಡೋಗುತ್ತೆ? ಎಂಟ್ನೂರು ವರ್ಷದಿಂದ ಅಲ್ಲೇ ಐತೆ.”

ದೇವಸ್ಥಾನ ಓಡಿಹೋಗುವುದಿಲ್ಲ, ಹೊತ್ತು ಓಡಿಹೋಗುತ್ತದೆ ಎಂದು ಹೇಳಬಹುದಿತ್ತು. ನನಗೆ ಇಂಥ ಮಾತುಗಳು ಯಾವಾಗಲೂ ಎರಡು ಕಿಲೋಮೀಟರು ಮುಂದೆ ಹೋದ ಮೇಲೆ ಹೊಳೆಯುತ್ತವೆ.

ಬೇಲೂರಿನ ಮೈದಾನದಲ್ಲಿ ಅವರ ಕಾಲದ ವಿಕೆಟ್ ಕೀಪರ್ರು ಶಾಮಿಯಾನದಿಂದಲೇ ಕೂಗಿದರು. “ಏನ್ಲಾ ಬೌಲರ್ರು! ಬಾಲಿಗಿಂತ ಮುಂಚೆ ಹೊಟ್ಟೆನೇ ಕ್ರೀಸ್ ದಾಟ್ತಾ ಐತಲ್ಲೋ!”

“ನಿಂದೇನ್ ಕಮ್ಮಿನಾ? ಕೆಳಗ್ ಬಿದ್ದಿರೋ ಬಾಲ್ ತಗೋಬೇಕಂದ್ರೆ ಅದೇ ಎದ್ದು ನಿನ್ ಕೈಗ್ ಬರ್ಬೇಕು.”

“ಬನ್ನಿ ಅತ್ತಿಗೆ, ಕೂತ್ಕಳಿ. ಇವ್ನನ್ನ ಕಟ್ಕಂಡು ನೀವು ಒಬ್ರೇ ಎಲ್ಲಾ ಓವರ್ರೂ ಆಡ್ತಿದೀರ.”

ನನ್ನನ್ನು ಧ್ವನಿವರ್ಧಕದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಕಾಮೆಂಟರಿ ಹೇಳುವವರು ಆಟ ನಿಲ್ಲಿಸಿ ಘೋಷಿಸಿದರು: “ಅರಸೀಕೆರೆಯಿಂದ ಆಗಮಿಸಿರುವ ಒಂದು ಕಾಲದ ಮಾರಕ ವೇಗಿ, ಇದೀಗ ಸಕುಟುಂಬ ಸಮೇತರಾಗಿ ನಮ್ಮ ನಡುವೆ ಇದ್ದಾರೆ, ಜೋರಾಗಿ ಚಪ್ಪಾಳೆ!” ಸಕುಟುಂಬ ಎಂದರೆ ನಾನು. ಚಪ್ಪಾಳೆ ಬಿತ್ತು. ನಾನು ಎದ್ದು ಕೈಮುಗಿದೆ. ಕೂತಾಗ ಗಡಿಯಾರ ನೋಡಿಕೊಂಡೆ, ಹತ್ತು. ಮತ್ತೆ ನೋಡಿಕೊಂಡಾಗ ಹನ್ನೆರಡಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಯಾರು ಗೆದ್ದರು ಎಂದು ಕೇಳಿದರೆ ನನಗೆ ತಿಳಿಯದು. ಅಂಪೈರು ತಮ್ಮ ಟೋಪಿಯೊಳಗೆ ವೀಳ್ಯದೆಲೆ ಇಟ್ಟುಕೊಂಡಿದ್ದರು, ತಂಪಿಗೆ ಇರಬೇಕು. ಅದು ಮಾತ್ರ ನೆನಪಿದೆ.

“ನಿಮ್ಮತ್ತಿಗೆ ದೇವಸ್ಥಾನ ನೋಡ್ಬೇಕಂತೆ” ಎಂದು ನಮ್ಮವರು ಹೇಳಿದ್ದಕ್ಕೆ ಕೀಪರ್ರು ತಾವೇ ಕರೆದುಕೊಂಡು ಹೋದರು. ಬೇಲೂರಿನ ಗೋಡೆಯಲ್ಲೂ ಬಳ್ಳಿ ಇದೆ. ಹಳೇಬೀಡು ಸಿಗದಿದ್ದರೆ ಇದಾದರೂ ಆಗಲಿ ಎಂದುಕೊಂಡೆ. ಆದರೆ ಬಾಗಿಲು ಹಾಕುತ್ತಾರೆಂದು ಮೊದಲು ದೇವರ ದರ್ಶನಕ್ಕೆ ಓಡಿಸಿದರು. ಹೊರಗೆ ಬಂದಾಗ ನಡು ಮಧ್ಯಾಹ್ನ. ನಡೆಯಲು ಹಾಸಿದ್ದ ಚಾಪೆ ಬಿಟ್ಟು ಗೋಡೆಯ ಕಡೆ ಎರಡು ಹೆಜ್ಜೆ ಇಟ್ಟದ್ದೇ ತಡ, ಬರಿಗಾಲಿಗೆ ಕಲ್ಲು ರೊಟ್ಟಿಯ ಹೆಂಚು. ಒಂದು ಕಾಲೆತ್ತಿ ಇನ್ನೊಂದು ಕಾಲೂರಿ ನಾನು ಬಗ್ಗಿದೆ.

“ಅಯ್ಯೋ ಅತ್ತಿಗೆ, ಕೆಳಗೇನ್ ನೋಡ್ತೀರ? ಮೇಲ್ ನೋಡಿ, ಮೇಲೆ! ಮದನಿಕೆ ಇರಾದು ಮೇಲೆ!”

“ನೋಡಿದೀನಿ. ನಂಗೆ ಈ ಬಳ್ಳಿ...”

“ಬಳ್ಳಿ ನಮ್ ತೋಟದಲ್ ತೋರಿಸ್ತೀನಿ ಬನ್ನಿ. ಇಲ್ನೋಡಿ, ಕನ್ನಡಿ ನೋಡ್ಕತಾ ಅವ್ಳಲ್ಲ, ಅವ್ಳು!”

ಅಲ್ಲಿ ನಿಂತಿದ್ದ ಬೇರೆ ಯಾರೋ ನಾಲ್ಕು ಜನವೂ ನನ್ನ ಮೇಲಿನ ಕನಿಕರದಿಂದ ಬೆರಳು ಮಾಡಿ ಮೇಲೆ ತೋರಿಸಿದರು. ಪಾಪ, ಕನ್ನಡಿ ನೋಡಿಕೊಳ್ಳುವವಳದ್ದು ಏನೂ ತಪ್ಪಿಲ್ಲ. ಆದರೆ ಅಷ್ಟು ಜನ ಕೂಗಿದ ಮೇಲೆ ಅವಳನ್ನು ನೋಡಿ “ಅಬ್ಬಾ” ಎನ್ನದೆ ಇರಲಾಗಲಿಲ್ಲ. ಎಂದೆ. ಅಷ್ಟರಲ್ಲಿ ಅಂಗಾಲು ಚುರುಗುಟ್ಟಿ ಚಾಪೆಗೆ ಹಾರಿದೆ. ಬೇಲೂರು ಮುಗಿಯಿತು.

ಕೀಪರ್ರ ಮನೆಯಲ್ಲಿ ಅವರ ಹೆಂಡತಿಗೆ ಕುಂಕುಮ ಹಚ್ಚಿ ಕರೆದೆ. ಕರೆದ ಮೇಲೆ ಊಟ. ಊಟಕ್ಕೆ ಹೋಳಿಗೆ. ಹೋಳಿಗೆ ಬೇಡ ಎಂದರೆ ಹಾಲು ಹಾಕಿಸಿಕೊಳ್ಳಬೇಕು, ಹಾಲು ಹಾಕಿಸಿಕೊಂಡರೆ ಇನ್ನೊಂದು ಹೋಳಿಗೆ ಬೀಳುತ್ತದೆ. ಊಟವಾದ ಮೇಲೆ ಗಂಡಸರು ಚಾಪೆಯ ಮೇಲೆ ಒರಗಿಕೊಂಡು ಯಾವುದೋ ಒಂದು ಓವರನ್ನು ಮತ್ತೆ ಆಡಿದರು. ಮೂರನೆಯ ಬಾಲು ಔಟೇ ಎಂದು ಇವರು, ನಾಟೌಟು ಎಂದು ಅವರು. ಕೀಪರ್ರ ಹೆಂಡತಿ ನನ್ನ ಕಡೆ ತಿರುಗಿ, “ನಂಗೆ ಮದ್ವೆ ಆದಾಗ್ಲಿಂದ ಆ ಬಾಲು ಹಿಂಗೇ ಬೀಳ್ತಾ ಐತೆ ಅಕ್ಕ” ಎಂದರು. ಅವರು ಒಳ್ಳೆಯವರು. ಆ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಎದ್ದು ಬರಬಹುದಿತ್ತು. ಹೊರಟಾಗ ನಾಲ್ಕು ಗಂಟೆ.

ಹಳೇಬೀಡಿನ ಊರು ಹತ್ತಿರವಾದಾಗ ಧ್ವನಿವರ್ಧಕದ ಸದ್ದು ಮೊದಲು ಕೇಳಿಸಿತು, ಆಮೇಲೆ ಮೈದಾನ ಕಾಣಿಸಿತು. ನಮ್ಮವರು ನನ್ನ ಮುಖ ನೋಡದೆ ಬ್ಲಿಂಕರ್ ಹಾಕಿದರು.

“ಹಂಗೇ ಕ್ಯಾಪ್ಟನ್‌ನ ಎತ್ಹಾಕ್ಕಂಡು, ಅವ್ರ ಮನೇಲ್ ಕರ್ದು, ಸೀದಾ ದೇವಸ್ಥಾನಕ್ಕೆ. ಪ್ರಾಮಿಸ್.”

ಕ್ಯಾಪ್ಟನ್ ಎಂದರೆ ಹಿಂದಿನ ಹಳೇಬೀಡು ತಂಡದ ನಾಯಕರು. ಈಗ ರಾಗಿ, ತೆಂಗು ಬೆಳೆದುಕೊಂಡಿದ್ದಾರೆ. ಅಲ್ಲಿ ಫೈನಲ್ ನಡೆಯುತ್ತಿತ್ತು. ಎರಡು ಇನಿಂಗ್ಸಿನ ನಡುವೆ ಹಿರಿಯ ಆಟಗಾರರಿಂದ ಗೌರವಕ್ಕೆ ಒಂದು ಬಾಲು ಹಾಕಿಸಬೇಕೆಂದು ಯಾರಿಗೋ ಹೊಳೆಯಿತು. ನಮ್ಮ ಯಜಮಾನರು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಹಿಂದಕ್ಕೆ ಹೋಗುತ್ತ ಹೋಗುತ್ತ ಹೋದರು. ಅಷ್ಟು ದೂರದಿಂದ ಓಡಿ ಬರುವ ಅಗತ್ಯವಿತ್ತೇ? ಬಾಲು ಬ್ಯಾಟ್ಸ್‌ಮನ್ನಿನ ತಲೆಯ ಮೇಲೆ ಹಾದು ಹೋಯಿತು. ಮೈದಾನವೆಲ್ಲ ಕುಣಿಯಿತು. ಅವರು ಏದುಸಿರು ಬಿಡುತ್ತ ಎರಡೂ ಕೈ ಎತ್ತಿದರು. ಆ ಮುಖ ನೋಡಿದರೆ ಅಂಥ ಸಂತೋಷ. ನನಗೆ ಅದನ್ನು ನೋಡಿ ಖುಷಿಯಾಗಬೇಕಿತ್ತು, ಬೇರೆ ದಿನವಾಗಿದ್ದರೆ ಆಗುತ್ತಿತ್ತು. ನಾನು ತೆಂಗಿನ ಮರಗಳ ನೆರಳು ನೋಡುತ್ತಿದ್ದೆ. ಅದು ಬೌಂಡರಿ ಗೆರೆಯನ್ನು ದಾಟಿ ಮೈದಾನದೊಳಗೆ ಬಂದಿತ್ತು.

ಐದು ಗಂಟೆಯಾಗುತ್ತಿತ್ತು. ಕ್ಯಾಪ್ಟನ್ ಬಂದು, “ಮನೆಗ್ ಬರ್ರಿ, ಕಾಪಿ ಕುಡ್ದು ಹೋಗೀರಂತೆ. ನಾನು ಬೈಕಲ್ಲಿ ಮುಂದೆ ಹೋಗ್ತಿರ್ತೀನಿ” ಎಂದು ಹೋದರು. ನಾನು ಕಾರಿನಿಂದ ನನ್ನ ಚೀಲ ತೆಗೆದುಕೊಂಡೆ.

“ನೀವ್ ಹೋಗ್ಬನ್ನಿ. ನಾನು ದೇವಸ್ಥಾನಕ್ಕೆ ಹೋಗ್ತೀನಿ.”

“ಏ, ನಾನೊಬ್ನೇ ಹೋದ್ರೆ ಅದು ಕರ್ದಂಗಾ?”

“ಗೊತ್ತಿಲ್ಲ.”

“ಕುಂಕುಮ ಯಾರ್ ಹಚ್ಚಾದು? ನಾನ್ ಹಚ್ಲಾ? ಅವ್ನ್ ಹೆಂಡ್ತಿ ಹಣೆಗೆ ನಾನ್ ಕೈ ಇಟ್ರೆ ಸ್ಟಂಪ್ ಕಿತ್ಕಂಡ್ ಬತ್ತಾನೆ!”

“ಏನಾದ್ರೂ ಮಾಡ್ಕೊಳಿ” ಎಂದು ಭರಣಿಯನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು ನಡೆದೆ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರ ಮಾತು ಮುಗಿಯುವ ಮೊದಲು ನಾನು ಬೆನ್ನು ತಿರುಗಿಸಿದವಳಲ್ಲ. ಧೈರ್ಯದಿಂದ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಇನ್ನೊಂದು ಲೋಟ ಕಾಫಿ ಕುಡಿಯಬೇಕಾದರೆ ಅತ್ತುಬಿಡುತ್ತೇನೆ ಎನ್ನಿಸಿತ್ತು, ಅಷ್ಟೇ.

ದೇವಸ್ಥಾನದ ಹಿಂಭಾಗಕ್ಕೆ, ಪಡುವಣ ಗೋಡೆಯ ಕಡೆಗೆ ಹೋದೆ. ಇಳಿಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಒಂದೊಂದು ಎಲೆಗೂ ನೆರಳಿತ್ತು. ಸುರುಳಿಯೊಳಗೆ ಸುರುಳಿ. ಎಲೆಯ ತುದಿ ತಾನು ಹೊರಟ ದಂಟನ್ನೇ ಮುಟ್ಟುವ ಹಾಗೆ ಮಡಿಸಿಕೊಂಡಿದೆ. ಮೊಬೈಲಿನ ಚಿತ್ರದಲ್ಲಿ ಇದು ಚಪ್ಪಟೆಯಾಗಿ ಕಂಡಿತ್ತು, ನಾನೂ ಚಪ್ಪಟೆಯಾಗಿಯೇ ಹೊಲಿದಿದ್ದೆ. ಮೂಲೆಯೊಂದರ ಎದುರು ಕೂತು, ಪುಸ್ತಕ ತೆರೆದು, ಮೂಲೆಯ ಎಡಗಡೆಯಿಂದ ಬರೆಯಲು ಹಿಡಿದೆ. ಬಲಗಡೆಯ ಗೋಡೆ ಒಳಕ್ಕೆ ಸರಿದು ನೆರಳಿನಲ್ಲಿತ್ತು. ಅದನ್ನು ಆಮೇಲೆ ನೋಡೋಣ ಎಂದುಕೊಂಡೆ. “ಆಂಟಿ, ಒಂಚೂರು ಪಕ್ಕಕ್ಕೆ ಬರ್ತೀರಾ? ಫ್ರೇಮಲ್ಲಿ ಬರ್ತಿದೀರ” ಎಂದರು ಯಾರೋ. ಒಂಚೂರು ಪಕ್ಕಕ್ಕೆ ಹೋಗಿ, ಅವರು ತೆಗೆದುಕೊಂಡ ಮೇಲೆ ಮತ್ತೆ ಬಂದೆ. ಮೂರು ಸುರುಳಿ ಬರೆದಿದ್ದೆ.

“ಏನಕ್ಕಾ, ನಮ್ಮನೆ ಹೊಸ್ಲು ಅಷ್ಟೊಂದು ಎತ್ತರ ಆಗೋಯ್ತಾ?”

ತಲೆಯೆತ್ತಿದೆ. ಕ್ಯಾಪ್ಟನ್‌ರ ಹೆಂಡತಿ. ಮನೆಯಲ್ಲಿ ಉಟ್ಟ ಸೀರೆಯಲ್ಲೇ ಬಂದಿದ್ದರು, ಮುಂಗೈಗೆ ಹಿಟ್ಟು ಅಂಟಿತ್ತು. ಅವರ ಹಿಂದೆ ನಮ್ಮ ಯಜಮಾನರು ಕುಂಕುಮದ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ನನಗೆ ನಾಚಿಕೆಯಾಯಿತು. “ಹಾಗಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಬೆಳಕು ಹೋಗ್ಬಿಡುತ್ತೆ ಅಂತ...” ಎನ್ನುತ್ತ ಎದ್ದು ಭರಣಿ ತೆಗೆದುಕೊಂಡು ಅಲ್ಲಿಯೇ ಕುಂಕುಮ ಹಚ್ಚಲು ಕೈ ಚಾಚಿದೆ. ಅವರು ಹಣೆಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇಲ್ಲಿ ಬ್ಯಾಡ ಕಣಕ್ಕ. ಇಲ್ಲಿ ಕರೆದ್ರೆ ದೇವ್ರನ್ನ ಕರೆದಂಗಾಯ್ತದೆ. ನನ್ ಕರೀಬೇಕು ಅಂದ್ರೆ ನಮ್ಮನೇಗ್ ಬನ್ನಿ. ಹೊಸ್ಲು ದಾಟಿ ಒಳಗ್ ಬಂದು ಕರೀರಿ. ಇಲ್ಲಾಂದ್ರೆ ಬಿಡಿ, ಅಣ್ಣೋರು ತಿಳಿಸವ್ರಲ್ಲ.”

ತಿಳಿಸವ್ರಲ್ಲ. ಮಗಳ ಮದುವೆ. ಈ ಮಾತು ಮೈದಾನದಿಂದ ಮೈದಾನಕ್ಕೆ ಹೋಗುತ್ತದೆ. ನಾನು ಗೋಡೆಯ ಕಡೆ ನೋಡಿದೆ. ಬಿಸಿಲು ಬಳ್ಳಿಯನ್ನು ಬಿಟ್ಟು ಮೇಲಿನ ಸಾಲಿಗೆ ಹತ್ತಿಬಿಟ್ಟಿತ್ತು. ಪುಸ್ತಕ ಮುಚ್ಚಿ ಅವರ ಹಿಂದೆ ಹೊರಟೆ. ಗೇಟಿನ ಹತ್ತಿರ ಹೋಗುವಾಗಲೇ ಕಾವಲಿನವರು ಸೀಟಿ ಊದಿ ಉಳಿದವರನ್ನೂ ಹೊರಡಿಸಲು ಶುರು ಮಾಡಿದ್ದರು.

ಅವರ ಮನೆ ಎರಡು ಬೀದಿಯ ಆಚೆ. ಹೊಸ್ತಿಲು ದಾಟಿ ಒಳಗೆ ಹೋಗಿ, ದೀಪ ಹಚ್ಚಿದ್ದ ನಡುಮನೆಯಲ್ಲಿ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆದೆ. ಕರೆದ ಕೂಡಲೇ ಅವರ ಮುಖ ಅರಳಿತು. ಸಿಟ್ಟಿನ ಗುರುತೇ ಇಲ್ಲ. ಕಾಫಿ, ಕೋಡುಬಳೆ ಕೊಟ್ಟು ಪಕ್ಕದಲ್ಲಿ ಕೂತರು.

“ಅದೇನಕ್ಕ ಬರೀತಿದ್ರಿ?”

ಹಸೆಯ ಬಟ್ಟೆ ತೆಗೆದು ತೋರಿಸಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡೇ ಮುಟ್ಟಿದರು.

“ಎಷ್ಟ್ ಚೆಂದ ಮಾಡಿದೀರಿ! ಮೂಲೆ ಯಾಕೆ ಬಿಟ್ಟೀರಿ?”

“ಅದನ್ನ ನೋಡೋಕೇ ಬಂದಿದ್ದು. ಕಲ್ಲಲ್ಲಿ ಹೇಗೆ ತಿರುಗಿಸಿದಾರೆ ಅಂತ.”

“ಅಯ್ಯೋ! ಹಂಗಂತ ಮೊದ್ಲೇ ಹೇಳಾದಲ್ವಾ! ನಾನು ದಿನಾ ಬೆಳಿಗ್ಗೆ ಅದ್ರ ಮುಂದೇನೇ ಹಾಲಿನ ಡೈರಿಗ್ ಹೋಗ್ತೀನಿ. ಕಾಂಪೌಂಡೊಳಗೆ ಹೋಗಿ ಎಷ್ಟ್ ವರ್ಷ ಆಯ್ತೋ” ಎಂದು ಅವರು ಹಣೆ ಚಚ್ಚಿಕೊಂಡರು. ಮೊದಲೇ ಹೇಳುವುದು. ಯಾರಿಗೆ, ಯಾವಾಗ?

ಕತ್ತಲಾಗುತ್ತಿರುವಾಗ ಹೊರಟೆವು. ಊರು ದಾಟಿದ ಮೇಲೆ ನಮ್ಮವರು ಮೆಲ್ಲಗೆ ಕೇಳಿದರು.

“ನೋಡಿದ್ದಾಯ್ತಲ್ಲ?”

ಪ್ರತಿ ಸಲವೂ ಈ ಪ್ರಶ್ನೆ ಹೀಗೇ ಬರುತ್ತದೆ. ಪ್ರತಿ ಸಲವೂ ನಾನು “ಹೂಂ, ಆಯ್ತು” ಎನ್ನುತ್ತೇನೆ.

“ಇಲ್ಲ” ಎಂದೆ.

“ಮತ್ತೆ ಅಷ್ಟೊತ್ತು ಅಲ್ಲಿ ಏನ್ ಮಾಡ್ದೆ?”

“ಅಷ್ಟೊತ್ತು ಅಲ್ಲ. ಇಪ್ಪತ್ತು ನಿಮಿಷ. ಬೆಳಿಗ್ಗೆ ಏಳೂವರೆಯಿಂದ ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ.” ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಪಿಚ್ಚಿನ ನಲವತ್ತು ನಿಮಿಷ, ಧ್ವನಿವರ್ಧಕದ ಪಕ್ಕದ ಕುರ್ಚಿ, ಸುಟ್ಟ ಅಂಗಾಲು, ಬೀಳುತ್ತಲೇ ಇದ್ದ ಆ ಮೂರನೆಯ ಬಾಲು, ಎಲ್ಲವನ್ನೂ ಹೇಳಿದೆ. ದನಿ ಎತ್ತಲಿಲ್ಲ. ನನಗೆ ಎತ್ತಲು ಬರುವುದಿಲ್ಲ. ಸಿಸ್ಟರುಗಳು ಕಲಿಸಲಿಲ್ಲ. ಒಂದೇ ಸಮನೆ ಹೇಳುತ್ತಾ ಹೋದೆ. ಅವರು ರಸ್ತೆ ನೋಡುತ್ತ ಕೇಳಿಸಿಕೊಂಡರು. ಜಾವಗಲ್ ದಾಟಿದ ಮೇಲೆ ತಪ್ಪಾಯ್ತು ಎಂಬಂತೆ ಕಾರಿನ ವೇಗ ಇಳಿಸಿದರು.

“ಒಂದ್ ಕೆಲ್ಸ ಮಾಡಾಣ ಬಿಡು. ಮುಂದಿನ್ ಭಾನ್ವಾರ ನಿಂಗೋಸ್ಕರಾನೇ ಬರಾಣ. ಇಡೀ ದಿನ ನೋಡ್ಕಳೀವಂತೆ. ಹಂಗೇ ಹುಲಿಕೆರೆ ಕೊಳಾನೂ ತೋರಿಸ್ತೀನಿ, ಎಷ್ಟ್ ಚೆನ್ನಾಗೈತೆ ಗೊತ್ತಾ ಮೆಟ್ಲು? ಅಲ್ಲೊಬ್ಬ ಸ್ಪಿನ್ನರ್ ಅವ್ನೆ, ಹಂಗೇ ಅವ್ನಿಗೂ...”

ತಮ್ಮ ಬಾಯಿಂದ ಬಂದದ್ದು ತಮಗೇ ಕೇಳಿಸಿ ಅವರು ಅಲ್ಲಿಗೇ ನಿಲ್ಲಿಸಿದರು.

ಮಂಗಳವಾರ ಬೆಳಿಗ್ಗೆ ತಿಂಡಿ ಮಾಡಿಟ್ಟು, ಬಸ್ಸು ಹತ್ತಿ ಒಬ್ಬಳೇ ಹೋದೆ. “ಒಬ್ಳೇನಾ?” ಎಂದರು ನಮ್ಮವರು. “ಒಬ್ಳೇ. ಯಾರನ್ನೂ ಕರೆಯೋಕಲ್ಲ” ಎಂದೆ. ಬಸ್‌ಸ್ಟ್ಯಾಂಡಿನವರೆಗೆ ಬಂದು ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಹೋದರು. ಹಳೇಬೀಡಿನಲ್ಲಿ ಇಳಿದಾಗ ಕ್ಯಾಪ್ಟನ್‌ರ ಮನೆಯ ಬೀದಿ ತಪ್ಪಿಸಿ, ತಲೆಗೆ ಸೆರಗು ಹೊದ್ದುಕೊಂಡು, ಕಳ್ಳಿಯ ಹಾಗೆ ದೇವಸ್ಥಾನಕ್ಕೆ ಹೋದೆ.

ಈ ಸಲ ಬೆಳಕು ಬೀಳುತ್ತಿದ್ದ ಮೂಡಣ ಗೋಡೆಯ ಮೂಲೆಯೊಂದರ ಮುಂದೆ ಕೂತೆ. ಯಾರೂ ಕೂಗಲಿಲ್ಲ, ಯಾರೂ ಮೇಲೆ ನೋಡು ಎನ್ನಲಿಲ್ಲ. ಮೊದಲ ಹತ್ತು ನಿಮಿಷ ನನಗೆ ಅರ್ಥವಾಗಲಿಲ್ಲ. ಬಳ್ಳಿ ಈ ಕಡೆಯಿಂದ ಬಂದು ಆ ಕಡೆಗೆ ಹೇಗೆ ಹೊರಳುತ್ತದೆ ಎಂದು ಹುಡುಕುತ್ತಿದ್ದೆ. ಅದು ಹೊರಳಿರಲೇ ಇಲ್ಲ. ಮೂಲೆಯ ಏಣಿನ ಮೇಲೆಯೇ ಗೆಡ್ಡೆಯಂಥ ಒಂದು ಗಂಟು. ಅದರಿಂದ ಒಂದು ಕುಡಿ ಈ ಗೋಡೆಗೆ, ಇನ್ನೊಂದು ಕುಡಿ ಆ ಗೋಡೆಗೆ ಹೊರಟಿತ್ತು. ಆ ಶಿಲ್ಪಿ ಕೆಲಸವನ್ನು ಮೂಲೆಯಿಂದಲೇ ಶುರು ಮಾಡಿದ್ದ. ಹಾಗಾದರೆ ಎರಡು ಕಡೆಯಿಂದ ಬಂದ ಕುಡಿಗಳು ಎಲ್ಲಿ ಸೇರುತ್ತವೆ ಎಂದು ಗೋಡೆಗುಂಟ ಬೆರಳಿನಿಂದ ಅಳತೆ ಮಾಡುತ್ತ ಹೋದೆ. ನಟ್ಟನಡುವೆ, ಒಂದು ಸುರುಳಿಗೆ ಜಾಗ ಸಾಲದೆ ಅರ್ಧ ಸುರುಳಿಯನ್ನು ಹಿಂಡಿ ತುರುಕಿದ್ದ. ಲೆಕ್ಕ ತಪ್ಪಿದ್ದು ಅಲ್ಲಿ. ಆದರೆ ಅದು ಸಾಲಿನ ನಡುವೆ ಇದ್ದುದರಿಂದ, ಹುಡುಕಿಕೊಂಡು ಹೋದ ನನ್ನನ್ನು ಬಿಟ್ಟು ಯಾರಿಗೂ ಕಾಣುವಂತಿರಲಿಲ್ಲ.

ಉತ್ತರ ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು. ನನಗೆ ಆದದ್ದು ಸಿಟ್ಟು. ಬಟ್ಟೆ ಬಿಡಿಸಿ ತೊಡೆಯ ಮೇಲೆ ಹರಡಿಕೊಂಡೆ. ನಾನು ನಾಲ್ಕು ಬದಿಯಲ್ಲೂ ಮಧ್ಯದಿಂದ ಹೊರಟು ಮೂಲೆಯ ಕಡೆಗೆ ಬಂದಿದ್ದೆ. ಒಂದೊಂದು ಎಲೆಯೂ ತಪ್ಪು ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಮೂಲೆಯಲ್ಲಿ ಗಂಟು ಹಾಕಿ ಮುಚ್ಚಿಬಿಡಬಹುದಿತ್ತು. ಹಸೆಯ ಮೇಲೆ ಕೂರುವ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಎರಡು ತಿಂಗಳ ಕೆಲಸ, ಕೈಯಲ್ಲಿ ಉಳಿದದ್ದು ಐದು ವಾರವೂ ಇಲ್ಲ.

ಮೂಲೆಯ ಗಂಟನ್ನು ಮೂರು ಕಡೆಯಿಂದ ಬರೆದುಕೊಂಡೆ. ಒಂದು ಗಂಟೆಯೂ ಹಿಡಿಯಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕನ್ನಡಕ ಹಾಕಿಕೊಂಡು, ಸೂಜಿಯ ತುದಿಯಿಂದ ಮೊದಲ ಎಲೆಯ ದಾರ ಎತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ನೋಡುತ್ತಿದ್ದವರು ತಡೆಯಲಾರದೆ ಕೇಳಿದರು.

“ಅಯ್ಯೋ ತಾಯಿ, ಇಷ್ಟ್ ಚೆಂದಾಗೈತೆ, ಯಾಕ್ ಬಿಚ್ತೀರ?”

“ತಪ್ಪಾಗಿದೆ.”

“ಎಲ್ಲಿ? ನಂಗೇನ್ ಕಾಣಾಕಿಲ್ವಲ್ಲ.”

ಎಲ್ಲಿ ಎಂದು ತೋರಿಸಲಿ? ಪೂರ್ತಿ ತಪ್ಪಾಗಿತ್ತು. “ಹೊಲಿಯೋಕೆ ಶುರು ಮಾಡಿದ ಕಡೇನೇ ತಪ್ಪು” ಎಂದೆ. ಅವರಿಗೆ ಏನು ತಿಳಿಯಿತೋ, ಬಟ್ಟೆಯ ಒಂದು ತುದಿ ತೊಡೆಯಿಂದ ಜಾರುತ್ತಿದ್ದದ್ದನ್ನು ಹಿಡಿದುಕೊಂಡರು. ಬಸ್ಸು ಕುಲುಕಿದಾಗ ಸೂಜಿ ಬಟ್ಟೆಗೆ ತಾಗದಂತೆ ಕೈ ಎತ್ತಿ ಹಿಡಿದು, ರಸ್ತೆ ಸಮವಾದಾಗ ಮತ್ತೆ ಎಳೆಯುತ್ತ, ಬಾಣಾವರ ಬರುವಷ್ಟರಲ್ಲಿ ಒಂದು ಬದಿಯ ಅರ್ಧ ಬಿಚ್ಚಿದ್ದೆ.